ಆರಿಸಬಾರದ ಯಂತ್ರ

ಗಾಜು ಒರೆಸಿದಷ್ಟೂ ಮೆಕ್ಯಾನಿಕ್‌ಗೆ ಅದರಲ್ಲಿ ತನ್ನ ಮುಖವೇ ಹೆಚ್ಚು ಸ್ಪಷ್ಟವಾಗಿ ಕಾಣತೊಡಗಿತು. ಭಾನುವಾರದಿಂದ ಈಚೆಗೆ ಆ ಮುಖ ಅವನಿಗೆ ಸೇರುತ್ತಿರಲಿಲ್ಲ. ಹೊಟ್ಟೆಕಿಚ್ಚು ಪಡುವವನ ಮುಖ ಹಲ್ಲುನೋವಿನವನ ಮುಖದ ಹಾಗೆ ಇರುತ್ತದೆಂದು ಅವನು ಈ ವಾರವೇ ಕಂಡುಕೊಂಡದ್ದು. ಹೊಟ್ಟೆಕಿಚ್ಚೇ ಹೌದು, ಅದಕ್ಕೆ ಬೇರೆ ಹೆಸರಿಟ್ಟು ಮುಚ್ಚಿಕೊಳ್ಳುವುದೇನಿದೆ? ವಿಡಿಯೊ ಗೇಮ್ ಪಾರ್ಲರಿಗೆ ಅಂದು ವಾರದ ರಜೆ. ದೀಪವಿಲ್ಲದ ಉದ್ದನೆಯ ಕೋಣೆಯಲ್ಲಿ ಎರಡು ಸಾಲಾಗಿ ಆಟದ ಯಂತ್ರಗಳು ಕಪ್ಪಗೆ ನಿಂತಿದ್ದವು. ಕೊನೆಯದಾದ ವಿಮಾನದ ಆಟದ ಯಂತ್ರವೊಂದು ಮಾತ್ರ ಬೆಳಗುತ್ತಿತ್ತು. ಇನ್ನೊಂದು ಗಂಟೆಯೊಳಗೆ ಅವನ ಹೆಂಡತಿ, ಅವಳ ತಂಗಿ, ತಂಗಿಯ ಗಂಡ ಮೂವರೂ ಇಲ್ಲಿಗೆ ಬರುವವರಿದ್ದರು. ತಂಗಿಯ ಗಂಡ ಅಂದರೆ ಷಡ್ಡಕ. ಆ ಮನುಷ್ಯ ಸ್ವಲ್ಪವಾದರೂ ಕೆಟ್ಟವನಾಗಿದ್ದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು! ಆದರೆ ಅವನು ಬಾಯಿ ತುಂಬ ‘ಅಣ್ಣ’ ಅನ್ನುತ್ತಾನೆ, ಊಟಕ್ಕೆ ಕೂತರೆ ತಾನೇ ನಿಂತು ಬಡಿಸುತ್ತಾನೆ, ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳುತ್ತಾನೆ. ಅವನ ಟೀವಿ ಅಂಗಡಿ ಚೆನ್ನಾಗಿ ನಡೆಯುತ್ತದೆ. ಟೀವಿಗೆ ಸಿಕ್ಕಿಸಿ ಮನೆಯಲ್ಲೇ ಕೂತು ಆಡುವ ಗೇಮಿನ ಡಬ್ಬಿಗಳನ್ನೂ ಅವನು ಮಾರುತ್ತಾನೆ. ಅಂಥದೇ ಒಂದು ಡಬ್ಬಿ ಅವನ ಮನೆಯ ಹಾಲಿನಲ್ಲೂ ಇದೆ.

ಆ ಹಾಲಿನ ಚಾಪೆಯ ಮೇಲೆ ಮೆಕ್ಯಾನಿಕ್‌ನ ಹೆಂಡತಿ ಭಾನುವಾರ ಕಾಲು ಮಡಚಿ ಕೂತಿದ್ದಳು. ಅವನು ತಲೆ ಎತ್ತಿ ನೋಡಿದರೆ ಕಂಡದ್ದು ಅವಳ ಬೆರಳುಗಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವು ಹಾಗೆ ಓಡಾಡಿದ್ದನ್ನು ಅವನು ನೋಡಿರಲಿಲ್ಲ. ತರಕಾರಿ ಹೆಚ್ಚುವಾಗ, ಗುಂಡಿ ಹೊಲಿಯುವಾಗ ಅವು ಬೇರೆಯೇ ಬೆರಳುಗಳು. ಅಂಗೈಯಗಲದ ಪ್ಲಾಸ್ಟಿಕ್ ತುಂಡನ್ನು ಹಿಡಿದುಕೊಂಡು ಅವಳು ಟೀವಿಯೊಳಗಿನ ವಿಮಾನವನ್ನು ಹಾರಿಸುತ್ತಿದ್ದಳು, ನಗುತ್ತಿದ್ದಳು. “ರೀ, ಇದು ನಿಮ್ಮ ಪಾರ್ಲರಿನ ಆಟ ಅಲ್ವಾ? ಅದೇ ಸಮುದ್ರ, ಅದೇ ವಿಮಾನ,” ಅಂದಿದ್ದಳು. “ಹೆಸರು ಮಾತ್ರ ಅದೇ,” ಅಂದಿದ್ದ ಅವನು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಷಡ್ಡಕ “ಹೆಸರು ಮಾತ್ರ ಅಂದ್ರೆ ಹೇಗಣ್ಣ?” ಎಂದು ನಿಜವಾದ ಆಸಕ್ತಿಯಿಂದ ಕೇಳಿಬಿಟ್ಟ. ಮೆಕ್ಯಾನಿಕ್ ಎದ್ದು ಟೀವಿಯ ಪಕ್ಕಕ್ಕೆ ಹೋಗಿ ನಿಂತು, ಪಾಠ ಹೇಳುವವನ ಹಾಗೆ ಬೆರಳು ತೋರಿಸಿ ಶುರು ಮಾಡಿಬಿಟ್ಟ. ದೂರದ ವಿಮಾನ ಹತ್ತಿರ ಬರುವಾಗ ನೋಡಿ, ಮೂರೇ ಮೂರು ಅಳತೆಯಲ್ಲಿ ಜಿಗಿದು ದೊಡ್ಡದಾಗುತ್ತೆ. ನಮ್ಮ ಯಂತ್ರದಲ್ಲಿ ಚಿತ್ರಗಳನ್ನ ಹಿಗ್ಗಿಸೋದಕ್ಕೇ ಒಂದು ಚಿಪ್ ಇದೆ, ಅದಕ್ಕೆ ಬೇರೆ ಕೆಲಸವೇ ಇಲ್ಲ, ಚುಕ್ಕಿಯಷ್ಟಿದ್ದದ್ದು ಬೆಳೀತಾ ಬೆಳೀತಾ ಮುಖದ ಮೇಲೇ ಬರುತ್ತೆ. ಇಲ್ಲಿ ಒಂದೇ ಸಾಲಿಗೆ ಹತ್ತು ವಿಮಾನ ಬಂದ್ರೆ ಒಂದೆರಡು ಮಿಣುಕ್ತಾವೆ, ಯಾಕಂದ್ರೆ ಡಬ್ಬಿಗೆ ಅಷ್ಟನ್ನೆಲ್ಲ ಒಟ್ಟಿಗೆ ಬರೆಯೋ ಶಕ್ತಿ ಇಲ್ಲ. ಅಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆ ತಂತಿ. ಇಲ್ಲಿ ಎಲ್ಲವನ್ನೂ ಕಲಸಿ ಒಂದೇ ತಂತಿಯಲ್ಲಿ ತುರುಕಿದ್ದಾರೆ, ಅದಕ್ಕೇ ಅಂಚೆಲ್ಲ ಕದಡಿದೆ. ಅವನಿಗೆ ತನ್ನ ದನಿ ಏರುತ್ತಿರುವುದು ಕೇಳುತ್ತಿತ್ತು, ನಿಲ್ಲಿಸಲು ಆಗುತ್ತಿರಲಿಲ್ಲ.

“ಅಯ್ಯೋ, ಆ ಮಿಣುಕೋದು ಶತ್ರುಗಳ ಕುತಂತ್ರ ಅಂದ್ಕೊಂಡಿದ್ದೆ ನಾನು,” ಅಂದ ಷಡ್ಡಕ. ಅಕ್ಕತಂಗಿಯರಿಬ್ಬರೂ ಹೊಟ್ಟೆ ಹಿಡಿದು ನಕ್ಕರು. ಅವನೂ ನಕ್ಕ. ಆಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅವನ ಹೆಂಡತಿ ಒಂದು ಗುಂಡಿ ಒತ್ತಿದಳು. ವಿಮಾನ ಆಕಾಶದ ನಡುವೆ ನಿಂತುಬಿಟ್ಟಿತು. ಅವಳು ಎದ್ದು ಹೋಗಿ ಒಲೆ ಆರಿಸಿ, ನೀರು ಕುಡಿದು, ತಂಗಿಯ ಕಿವಿಯಲ್ಲಿ ಅದೇನೋ ಹೇಳಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಮತ್ತೆ ಕೂತಳು. ಅಷ್ಟೂ ಹೊತ್ತು ಆ ವಿಮಾನ ಅವಳಿಗಾಗಿ ಕಾದಿತ್ತು. “ನಿಮ್ಮ ಮಿಷಿನ್ನಲ್ಲಿ ಇದೊಂದು ಇರ್ಲಿಲ್ಲ ನೋಡಿ,” ಅಂದಳು. “ನಾನಲ್ಲಿ ಕೆಲಸಕ್ಕಿದ್ದಾಗ, ಆಡ್ತಾ ಇರೋವಾಗ ಯಾರಾದ್ರೂ ಬಿಲ್ಲೆ ಕೇಳೋಕೆ ಬಂದ್ರೆ ಸಾಯ್ಲೇಬೇಕಿತ್ತು.” ಹಿಂದೆ ಇನ್ನೊಬ್ಬ ಕಾಯುತ್ತಿರುತ್ತಾನೆ, ಯಂತ್ರ ಯಾರಿಗಾಗಿಯೂ ನಿಲ್ಲಬಾರದು, ಅದನ್ನು ಮಾಡಿರುವುದೇ ಹಾಗೆ, ಎಂದೆಲ್ಲ ಅವನು ಹೇಳಬಹುದಿತ್ತು. ಹೇಳಿದ್ದರೆ ಇನ್ನಷ್ಟು ನಗು. “ನಿಮ್ಮತ್ತಿಗೆ ಕೈ ನೋಡೇ, ಏನು ಚುರುಕು,” ಎಂದು ಷಡ್ಡಕ ತನ್ನ ಹೆಂಡತಿಗೆ ಹೇಳಲು ಹೋಗಿ, “ಅಲ್ಲಲ್ಲ, ನನಗೆ ಅತ್ತಿಗೆ, ನಿನಗೆ ಅಕ್ಕ,” ಎಂದು ತಿದ್ದಿಕೊಂಡ. ಅದಕ್ಕೂ ನಕ್ಕರು. ತಾನು ಇಷ್ಟು ವರ್ಷ ಜೋಪಾನ ಮಾಡಿಟ್ಟುಕೊಂಡದ್ದನ್ನು ಈತ ಬಡಿಸುವ ಸೌಟಿನಲ್ಲೇ ಎತ್ತಿ ಎಲ್ಲರಿಗೂ ಹಂಚುತ್ತಿದ್ದಾನೆ ಅನ್ನಿಸಿತು ಮೆಕ್ಯಾನಿಕ್‌ಗೆ. ರಜೆಯ ದಿನ ಪಾರ್ಲರಿಗೆ ಬನ್ನಿ, ಅಸಲು ಯಾವುದು ನಕಲು ಯಾವುದು ಕಣ್ಣಾರೆ ನೋಡುವಿರಂತೆ, ಎಂದು ಅವನು ಕರೆದದ್ದು ಆ ಗಳಿಗೆಯಲ್ಲಿ.

ಜೋಪಾನ ಮಾಡಿಟ್ಟದ್ದು ಅಂದರೆ ಇದು. ಮದುವೆಗೆ ಮುಂಚೆ ಅವಳು ಇದೇ ಪಾರ್ಲರಿನ ಬಾಗಿಲ ಬಳಿ ಕೂತು ಯಂತ್ರಕ್ಕೆ ಹಾಕುವ ಬಿಲ್ಲೆ ಕೊಡುತ್ತಿದ್ದಳು. ಜನ ಇಲ್ಲದ ಹೊತ್ತಿನಲ್ಲಿ ಒಂದು ಬಿಲ್ಲೆ ತೆಗೆದುಕೊಂಡು ಈ ಕೊನೆಯ ಯಂತ್ರಕ್ಕೆ ಬರುತ್ತಿದ್ದಳು. ಕಣ್ಣು ಬಾಗಿಲ ಕಡೆ, ಕೈ ಸ್ಟಿಕ್ಕಿನ ಮೇಲೆ. ಅವನು ಪಕ್ಕದ ಯಂತ್ರದ ಹಿಂದೆ ಸೋಲ್ಡರ್ ಹಿಡಿದು ಕೂತು, ಇಲ್ಲದ ರಿಪೇರಿ ಮಾಡುತ್ತಿದ್ದ. ಒಂದು ದಿನ ಅವಳು ಯಾರೂ ಮುಟ್ಟದ ಅಂಕಕ್ಕೆ ಮುಟ್ಟಿದಳು. ಏಳು ಲಕ್ಷದ ಮೇಲೆ ಚೂರು. ಹೆಸರಿಗೆ ಮೂರು ಅಕ್ಷರ ಹಾಕು ಎಂದು ಯಂತ್ರ ಕೇಳಿದಾಗ ಬಾಗಿಲಲ್ಲಿ ಗಿರಾಕಿ ನಿಂತಿದ್ದ. ಗಂಡಸರೆಲ್ಲ ಆ ಅಕ್ಷರಗಳನ್ನು ಆಯಲು ಎಷ್ಟು ಹೊತ್ತು ತಿನ್ನುತ್ತಿದ್ದರು! ಅವಳು ಮೊದಲಿಗೆ ಕಂಡ ‘ಎ’ಯನ್ನೇ ಟಕ್ ಟಕ್ ಟಕ್ ಎಂದು ಮೂರು ಸಲ ಒತ್ತಿ ಓಡಿಹೋದಳು. ಆ ಮೂರು ಅಕ್ಷರ ಪಟ್ಟಿಯ ಮೊದಲ ಸಾಲಿನಲ್ಲಿ ಕೂತವು. ಯಂತ್ರದೊಳಗಿದ್ದದ್ದು ಆ ಕಾಲದ ಬೋರ್ಡು. ಅಂಕದ ಪಟ್ಟಿಯನ್ನು ಅದು ಕರೆಂಟ್ ಇರುವಷ್ಟು ಹೊತ್ತು ಮಾತ್ರ ನೆನಪಿಡುತ್ತದೆ, ಆರಿಸಿದರೆ ಎಲ್ಲ ಅಳಿಸಿ ಕಾರ್ಖಾನೆಯವರು ತುಂಬಿಕೊಟ್ಟ ಹೆಸರುಗಳೇ ಮತ್ತೆ ಬರುತ್ತವೆ. ಆ ರಾತ್ರಿ ಅವನು ಅದನ್ನು ಆರಿಸಲಿಲ್ಲ. ಮಾರನೆಯ ದಿನವೂ ಆರಿಸಲಿಲ್ಲ. ಪಿಕ್ಚರ್ ಟ್ಯೂಬಿಗೆ ಪ್ರತ್ಯೇಕ ಸ್ವಿಚ್ ಕೂಡಿಸಿದ, ಕರೆಂಟ್ ಹೋದರೂ ಆರದಿರಲೆಂದು ಬೋರ್ಡಿಗೆ ಕೆಳಗೆ ಒಂದು ಬ್ಯಾಟರಿ ಇಟ್ಟ. ಈ ಬೋರ್ಡು ಹಳೆಯದು, ಒಮ್ಮೆ ತಣ್ಣಗಾದರೆ ಮತ್ತೆ ಏಳುವುದಿಲ್ಲ, ಎಂದು ಪಾರ್ಲರಿನ ಸಾಹುಕಾರನಿಗೆ ಮುಖ ನೋಡಿಕೊಂಡೇ ಸುಳ್ಳು ಹೇಳಿದ. ಅವಳನ್ನು ಮದುವೆಯಾದ. ಅವಳು ಕೆಲಸ ಬಿಟ್ಟಳು. ಆ ಸಾಲು ಅಲ್ಲೇ ಇತ್ತು. ಮನೆಯಲ್ಲಿ ಮಾತು ಬೆಳೆದು ಅವಳು ಗೋಡೆಗೆ ಮುಖ ಮಾಡಿ ಮಲಗಿದ ಮರುದಿನಗಳಲ್ಲಿ ಅವನು ಬೆಳಗ್ಗೆ ಬಂದು ಮೊದಲು ಈ ಗಾಜಿನ ಮುಂದೆ ನಿಲ್ಲುತ್ತಿದ್ದ. ಅವಳಿಗೆ ಮಾತ್ರ ಯಾವತ್ತೂ ಹೇಳಲಿಲ್ಲ. ಹೇಳಿದರೆ ಅದು ಬರೀ ಹೇಳಿದ ಮಾತಾಗಿಬಿಡುತ್ತದೆ. ಅವಳೇ ಬಂದು ನೋಡಬೇಕು, ಅದೂ ಷಡ್ಡಕನ ಎದುರಿಗೆ. ಇವತ್ತು ಕರೆದದ್ದು ಅದಕ್ಕೇ.

ಬಟ್ಟೆಯನ್ನು ಜೇಬಿಗೆ ತುರುಕಿ ಅವನು ಯಂತ್ರದ ಹಿಂದೆ ಹೋಗಿ ಬಾಗಿಲು ಬಿಚ್ಚಿದ. ಬೆಚ್ಚಗಿನ ಗಾಳಿ, ಕಾದ ಧೂಳಿನ ವಾಸನೆ. ಎರಡು ಅಂತಸ್ತಿನ ಅಗಲವಾದ ಬೋರ್ಡು; ಲೆಕ್ಕಕ್ಕೆ ಒಂದು ಚಿಪ್, ಸದ್ದಿಗೆ ಒಂದು, ಸಮುದ್ರಕ್ಕೆ ಒಂದು, ವಿಮಾನಗಳಿಗೆ ಒಂದು. ಒಂದೊಂದಕ್ಕೂ ಅದರದೇ ಜಾಗ, ಅದರದೇ ಕೆಲಸ, ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಇಡೀ ಆಲಮಾರಿಯಷ್ಟು ಯಂತ್ರ ಒಂದೇ ಒಂದು ಆಟಕ್ಕಾಗಿ. ಷಡ್ಡಕನ ಡಬ್ಬಿ ಕ್ಯಾಸೆಟ್ ಬದಲಿಸಿದಂತೆಲ್ಲ ಇವತ್ತು ಇದು, ನಾಳೆ ಅದು, ಅವನ ಹಾಗೇ ಎಲ್ಲರಿಗೂ ಬೇಕಾದದ್ದು, ಯಾವುದರಲ್ಲೂ ಪೂರ್ತಿ ಇಲ್ಲ. ಈ ಹೋಲಿಕೆ ಮನಸ್ಸಿಗೆ ಬಂದು ಅವನಿಗೆ ಖುಷಿಯಾಯಿತು. ಮರುಗಳಿಗೆಯಲ್ಲೇ ಭಾನುವಾರ ಡಬ್ಬಿಯ ಮುಂದೆ ಕೂತು ಷಡ್ಡಕ ಆಡಿದ ರೀತಿ ನೆನಪಾಯಿತು: ಒರಗಿಕೊಂಡು, ಮಾತಾಡಿಕೊಂಡು, ಏನೂ ಕಷ್ಟವಿಲ್ಲದವನ ಹಾಗೆ. ಇಲ್ಲೂ ಹಾಗೇ ಆಡಿಬಿಟ್ಟರೆ? ಅವಳ ಎದುರಿಗೇ ಅವಳ ಸಾಲನ್ನು ಕೆಳಗೆ ತಳ್ಳಿ ತಾನು ಮೇಲೆ ಕೂತುಬಿಟ್ಟರೆ? ಬೋರ್ಡಿನ ಮೂಲೆಯಲ್ಲಿ ಹಾಲುಹಲ್ಲುಗಳಂಥ ಸಣ್ಣ ಬಿಳಿ ಸ್ವಿಚ್ಚುಗಳ ಸಾಲಿತ್ತು. ಆಟ ಎಷ್ಟು ಕಷ್ಟ ಇರಬೇಕು ಅನ್ನುವುದನ್ನು ತೀರ್ಮಾನಿಸುವವು ಅವು. ಅವನು ಸ್ಕ್ರೂಡ್ರೈವರಿನ ತುದಿಯಿಂದ ಎರಡನ್ನು ಮೇಲಕ್ಕೆ ತಳ್ಳಿದ. ಇನ್ನು ಮೊದಲ ಸಮುದ್ರ ದಾಟುವುದರೊಳಗೆ ಬಿದ್ದು ಸಾಯುತ್ತಾನೆ, ಒರಗಿಕೊಂಡು ಆಡಲಿ ನೋಡೋಣ. ಬಿದ್ದಾಗ ತಾನು ಬಾಯಿ ಬಿಡುವುದಿಲ್ಲ. ಸುಮ್ಮನೆ ಮೊದಲ ಸಾಲಿನ ಕಡೆ ಬೆರಳು ತೋರಿಸಿದರಾಯಿತು. ಬೇರೆ ಯಂತ್ರಗಳ ಸ್ವಿಚ್ಚುಗಳನ್ನು ಅವನು ದಿನಾ ಮುಟ್ಟುವವನು. ಬದಲಾಯಿಸಿದ್ದು ಬೋರ್ಡಿಗೆ ತಿಳಿಯಬೇಕಾದರೆ ಒಮ್ಮೆ ಆರಿಸಿ ಹಾಕಬೇಕು. ಅದು ಅವನ ಕೈಗೆ ಗೊತ್ತು, ತಲೆಯನ್ನು ಕೇಳುವ ಪದ್ಧತಿಯಿಲ್ಲ. ಕಣ್ಣ ಮುಂದೆ ಷಡ್ಡಕನ ಸೋತ ಮುಖ ತೇಲುತ್ತಿತ್ತು. ಕೈ ಹೋಗಿ ಆರಿಸಿತು. ಹಾಕಿತು.

ಸದ್ದು ನಿಂತು ಮತ್ತೆ ಬಂದದ್ದು ಕಿವಿಗೆ ಬಿದ್ದ ಮೇಲೆ ತಾನು ಮಾಡಿದ್ದೇನೆಂದು ಅವನಿಗೆ ತಿಳಿಯಿತು. ತಕ್ಷಣ ಮುಂದಕ್ಕೆ ಬರಲಿಲ್ಲ. ಯಂತ್ರದ ಹಿಂದೆಯೇ, ಗೋಡೆಗೂ ಅದಕ್ಕೂ ನಡುವೆ, ನಿಂತಿದ್ದ. ನೋಡದಿದ್ದರೆ ಆಗಿಲ್ಲ ಅನ್ನುವ ಹಾಗೆ. ಆಮೇಲೆ ಬಂದು ನೋಡಿದ. ಪಟ್ಟಿ ತುಂಬ ಕಾರ್ಖಾನೆಯ ಹೆಸರುಗಳು, ಸೊನ್ನೆಗಳಿಂದ ಮುಗಿಯುವ ಒಪ್ಪವಾದ ಅಂಕಗಳು. ಬಾಡಿಗೆಗೆ ಬಂದ ಹೊಸಬರು ಬಾಗಿಲಲ್ಲಿ ನಿಂತು ಯಾರು ಬೇಕಿತ್ತು ಎಂದು ಕೇಳುವ ಹಾಗೆ ಅವು ಅವನನ್ನು ನೋಡಿದವು. ಕಳ್ಳ ಬಂದು ಅಳಿಸಿಲ್ಲ, ಕರೆಂಟ್ ಹೋಗಿ ಅಳಿಸಿಲ್ಲ, ಇಷ್ಟು ವರ್ಷ ಸಾಹುಕಾರನ ಕಣ್ಣಿಗೆ ಮಣ್ಣೆರಚಿ ಕಾದವನು ತಾನೇ ಕೈಯಾರೆ ಅಳಿಸಿದ. ಒಬ್ಬ ಒಳ್ಳೆಯ ಮನುಷ್ಯ ಸೋಲುವುದನ್ನು ನೋಡುವ ಆಸೆಗೆ. ಥೂ, ಅಂದುಕೊಂಡ. ಸ್ವಿಚ್ಚುಗಳನ್ನು ಮೊದಲಿನ ಹಾಗೆ ಇಳಿಸಿ, ಇನ್ನು ಅಳಿಸುವುದೇನೂ ಉಳಿದಿಲ್ಲದ ಬೋರ್ಡನ್ನು ಇನ್ನೊಮ್ಮೆ ಆರಿಸಿ ಹಾಕಿದ. ಆಡಲು ನಿಂತ. ಯಾವ ವಿಮಾನ ಯಾವ ಮೂಲೆಯಿಂದ ಬರುತ್ತದೆ, ಅದನ್ನು ಯಾವ ಚಿಪ್ ಬರೆಯುತ್ತದೆ, ಎಲ್ಲ ಅವನಿಗೆ ಗೊತ್ತು. ಗೊತ್ತಿದ್ದು ಕೈಗೆ ಬರಬೇಕಲ್ಲ. ಎರಡು ಲಕ್ಷಕ್ಕೆ ಸತ್ತ. ಒಂದೂವರೆಗೆ ಸತ್ತ. ಮತ್ತೆ ನಿಂತ, ಅಂಗೈ ಬೆವರಿ ಸ್ಟಿಕ್ಕು ಜಾರಿತು.

“ಅಣ್ಣ, ಒಳಗಿದ್ದೀರಾ?” ಬಾಗಿಲಲ್ಲಿ ಷಡ್ಡಕ, ಒಬ್ಬನೇ. “ಅವರಿಬ್ಬರೂ ದರ್ಜಿ ಅಂಗಡೀಲಿ ನಿಂತ್ರು. ರವಿಕೆ ಅಳತೆ ಅಂತೆ. ನೀವು ಹೋಗಿರಿ ಅಂತ ಓಡಿಸಿದ್ರು.” ಈ ಊರಿನಲ್ಲಿ ಏಳು ಲಕ್ಷ ಮುಟ್ಟಬಲ್ಲ ಕೈ ಇನ್ನೊಂದಿದ್ದರೆ ಅದು ಎದುರಿಗೆ ನಿಂತಿತ್ತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು. ಕೇಳಬಾರದು, ಸತ್ತರೂ ಕೇಳಬಾರದು. ಕೇಳದಿದ್ದರೆ ಅವಳು ಬಂದು ನೋಡುವುದೇನನ್ನು? ಮಾತು ಹೇಗೆ ಹೊರಟಿತೋ ಮೆಕ್ಯಾನಿಕ್‌ಗೇ ತಿಳಿಯಲಿಲ್ಲ. ಅವಳ ಅಂಕ ಮೊದಲ ಸಾಲಿನಲ್ಲಿ ಇದ್ದದ್ದು, ತಾನು ಆರಿಸದೆ ಇಟ್ಟದ್ದು, ಈಗ ಅಳಿಸಿಹೋದದ್ದು, ಎಲ್ಲ ಹೇಳಿದ, ಅಷ್ಟೇ ಅಂಕಕ್ಕೆ ಆಡಿಕೊಡಿ ಎಂದು ಕೇಳಿಯೂ ಬಿಟ್ಟ. ಹೆಂಡತಿಗೆ ಹೇಳದ್ದನ್ನು ಮೊದಲು ಇವನಿಗೆ ಹೇಳುವ ಹಾಗಾಯಿತಲ್ಲ ಎಂದು ಹೇಳುತ್ತಿರುವಾಗಲೇ ಅನ್ನಿಸಿತು.

“ಮತ್ತೆ ಹೇಗೆ ಹೋಯ್ತಣ್ಣ?”

“ಬ್ಯಾಟರಿ ಕೈಕೊಡ್ತು.”

ಷಡ್ಡಕ ಯಂತ್ರದ ಪಕ್ಕಕ್ಕೆ ಬಗ್ಗಿ ನೋಡಿದ. ಹಿಂದಿನ ಬಾಗಿಲು ಬಿಚ್ಚಿತ್ತು, ಸ್ಕ್ರೂಡ್ರೈವರ್ ನೆಲದ ಮೇಲಿತ್ತು, ಬ್ಯಾಟರಿಯ ಹಸಿರು ದೀಪ ಏನೂ ಆಗದ ಹಾಗೆ ಉರಿಯುತ್ತಿತ್ತು. ಅಂಥ ಬ್ಯಾಟರಿಗಳನ್ನು ಮಾರುವವನು ಅವನು. ದೀಪವನ್ನು ನೋಡಿದ, ಮೆಕ್ಯಾನಿಕ್‌ನ ಮುಖ ನೋಡಲಿಲ್ಲ. “ಬ್ಯಾಟರಿ ಅಂದ್ಮೇಲೆ ಆಗುತ್ತೆ,” ಅಂದ. “ಎಷ್ಟಿತ್ತು ಅತ್ತಿಗೇದು?”

“ಏಳು ಲಕ್ಷದ ಮೇಲೆ ಸ್ವಲ್ಪ.”

“ಆಗ್ಬಹುದು. ನೋಡೋಣ.”

ಆ ‘ಆಗ್ಬಹುದು’ ಮೆಕ್ಯಾನಿಕ್‌ನ ಮೈ ಉರಿಸಿತು. ಷಡ್ಡಕ ಅಂಗಿಯ ತೋಳು ಮಡಚಿ ಆಡಲು ನಿಂತ. ಮೊದಲ ಸಲ ಬೇಗ ಸತ್ತ. ಈ ಸ್ಟಿಕ್ಕು ಬಿಗಿ, ಮನೆಯದು ಹೆಬ್ಬೆರಳಿಗೆ ಒಗ್ಗಿದ್ದು, ಅಂದ. ಸತ್ತದ್ದು ನೋಡಿ ಮೆಕ್ಯಾನಿಕ್‌ಗೆ ಹಾಯೆನಿಸಿತು, ಹಾಯೆನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಎರಡನೆಯ ಸಲ ಆ ಕೈಗೆ ದಾರಿ ಸಿಕ್ಕಿತು. ಒಂದು ಲಕ್ಷ, ಎರಡು, ಮೂರು. ದೂರದ ಚುಕ್ಕಿಗಳು ಬೆಳೆದು ಬೆಳೆದು ಗಾಜಿನ ತುಂಬ ಹರಡಿ ಹಿಂದೆ ಸರಿದವು. “ಅಣ್ಣ,” ಅಂದ ಷಡ್ಡಕ, ಕಣ್ಣು ತೆಗೆಯದೆ, ದನಿ ಇಳಿಸಿ, “ನೀರಿನ ಮೇಲೆ ವಿಮಾನದ ನೆರಳಿದೆ. ನಮ್ಮದರಲ್ಲಿ ಇದು ಇಲ್ವೇ ಇಲ್ಲ. ಸಾಯೋ ಹಾಗಿದ್ರೆ ನೆರಳು ಮೊದಲೇ ಹೇಳುತ್ತೆ. ನೀವು ಅವತ್ತು ಹೇಳಿದ್ದು ನಿಜ, ಇದೇ ಬೇರೆ.” ಭಾನುವಾರದಿಂದ ಯಾರ ಬಾಯಲ್ಲಾದರೂ ಕೇಳಬೇಕೆಂದು ಅವನು ಒದ್ದಾಡಿದ್ದು ಈ ಮಾತನ್ನೇ. ಬಂದದ್ದು ಇವನ ಬಾಯಿಂದ, ಯಾರೂ ಇಲ್ಲದಾಗ. ನಾಲ್ಕು ಲಕ್ಷ. ಐದು. ಬಿದ್ದು ಸಾಯಿ, ಅಂದಿತು ಮನಸ್ಸು. ಸಾಯಬೇಡ, ದಮ್ಮಯ್ಯ, ಅಂದಿತು ಅದೇ ಮನಸ್ಸು. ಅವನು ಬಾಗಿಲ ಕಡೆ ನೋಡಿದ, ಗಾಜಿನ ಕಡೆ ನೋಡಿದ. ತನ್ನ ಹೆಂಡತಿ ನಿಲ್ಲುತ್ತಿದ್ದ ಜಾಗದಲ್ಲಿ ಇವನ ಕಾಲು, ಅವಳು ಹಿಡಿಯುತ್ತಿದ್ದ ಸ್ಟಿಕ್ಕಿನ ಮೇಲೆ ಇವನ ಬೆರಳು, ಮತ್ತು ಇದನ್ನೆಲ್ಲ ಕೇಳಿಕೊಂಡವನು ತಾನು. ಆರು ಲಕ್ಷ ದಾಟಿತು.

“ಎಲ್ಲಿಗೆ ನಿಲ್ಲಿಸ್ಲಿ?” ಅಂದ ಷಡ್ಡಕ. ಕೊಬ್ಬಿನಿಂದ ಕೇಳಿದ್ದಲ್ಲ, ಹಾಲು ಎಷ್ಟು ಹಾಕಲಿ ಅನ್ನುವ ಹಾಗೆ ಕೇಳಿದ್ದು. ಮೆಕ್ಯಾನಿಕ್ “ಸಾಕು” ಅಂದಾಗ ಅವನು ಸ್ಟಿಕ್ಕಿನಿಂದ ಕೈ ಎತ್ತಿ ಹಿಂದೆ ಸರಿದ. ಯಾರೂ ಹಿಡಿಯದ ವಿಮಾನ ಸ್ವಲ್ಪ ದೂರ ನೆಟ್ಟಗೆ ಹೋಗಿ ಸಮುದ್ರಕ್ಕೆ ಬಿತ್ತು. ಏಳು ಲಕ್ಷದ ಮೇಲೆ ಸ್ವಲ್ಪ. ಯಂತ್ರ ಅಕ್ಷರ ಕೇಳಿತು. ಹೇಳಿಕೊಡಬೇಕೆಂದು ಮೆಕ್ಯಾನಿಕ್ ಬಾಯಿ ತೆರೆಯುವುದರೊಳಗೆ ಷಡ್ಡಕನ ಬೆರಳು ‘ಎ’ಯನ್ನೇ ಮೂರು ಸಲ ಒತ್ತಿಬಿಟ್ಟಿತ್ತು, ಟಕ್ ಟಕ್ ಟಕ್. “ಅತ್ತಿಗೆ ಮನೇಲೂ ಹೀಗೇ ಅಲ್ವಾ,” ಅಂದ, “ಹೆಸರು ಹಾಕೋಕೂ ಪುರುಸೊತ್ತಿಲ್ಲ ಅವರಿಗೆ.” ಲೋಕದಲ್ಲಿ ತನಗೊಬ್ಬನಿಗೇ ಗೊತ್ತು ಎಂದು ಮೆಕ್ಯಾನಿಕ್ ಅಂದುಕೊಂಡದ್ದು ಅದು.

ಹೆಂಗಸರು ಬರುವಾಗ ಅವನು ಹಿಂದಿನ ಬಾಗಿಲು ಮುಚ್ಚಿ ಕೊನೆಯ ಸ್ಕ್ರೂ ಬಿಗಿಯುತ್ತಿದ್ದ. ನಾದಿನಿಯ ದನಿ ಮೊದಲು ಬಂತು, “ಭಾವ, ಇಷ್ಟು ಕತ್ತಲೇಲಿ ಹೇಗಿರ್ತೀರಾ ನೀವು?” ಹೆಂಡತಿ ಎರಡು ಸಾಲು ಯಂತ್ರಗಳ ನಡುವೆ ನಡೆದು ಬಂದಳು, ಬಹಳ ದಿನದ ಮೇಲೆ ತವರಿಗೆ ಬಂದವಳ ಹಾಗೆ ಅಲ್ಲೊಂದನ್ನು ಇಲ್ಲೊಂದನ್ನು ಮುಟ್ಟುತ್ತ. ಕೊನೆಯ ಯಂತ್ರದ ಮುಂದೆ ನಿಂತಳು. ಪಟ್ಟಿ ಬಂತು, ಮೊದಲ ಸಾಲು ಬಂತು. ಅವನಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಕೊನೆಯ ಅಂಕೆಗಳು ಅವಳಿಗೆ ನೆನಪಿರಬಹುದೇ? ನೆನಪಿದ್ದರೆ ಈಗ ತಿರುಗುತ್ತಾಳೆ. ಅವಳು ತಿರುಗಿದಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು.

“ಇದೆ ನೋಡೇ,” ಅಂದಳು ತಂಗಿಗೆ. “ನಾನು ಹೇಳಿರ್ಲಿಲ್ವಾ ನಿಂಗೆ? ಸಾಹುಕಾರ್ರು ಸಿಕ್ಕಾಗ ಹೇಳಿದ್ರು, ಏನಮ್ಮ, ನಿನ್ನ ಗಂಡ ಆ ಒಂದು ಮಿಷಿನ್ ಆರಿಸೋಕೆ ಬಿಡಲ್ಲ ಅಂತ. ಅವರಿಗೆ ಯಾಕೆ ಅಂತ ಗೊತ್ತಿಲ್ಲ. ನಂಗೆ ಅವತ್ತೇ ಗೊತ್ತಾಯ್ತು. ಇವರಾಗೇ ಹೇಳ್ಲಿ ಅಂತ ಕಾದೆ, ಬಾಯಿ ಬಿಡ್ಬೇಕಲ್ಲ ಈ ಮಹಾರಾಯರು.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಷಡ್ಡಕನ ಕಡೆ ತಿರುಗಿದಳು. ಅವಳ ದನಿಯಲ್ಲಿ ಜಂಬವಿತ್ತು. ಗಂಡನ ಪರವಾಗಿ ಅವಳು ಜಂಬಪಟ್ಟದ್ದನ್ನು ಮೆಕ್ಯಾನಿಕ್ ಕೇಳಿದ್ದು ಅದೇ ಮೊದಲು. “ಏನ್ರೀ, ನಿಮ್ಮ ಡಬ್ಬೀಲಿ ಇದು ಬರುತ್ತಾ?”

“ಇಲ್ಲ ಅತ್ತಿಗೆ,” ಅಂದ ಷಡ್ಡಕ. “ಇದು ಬರಲ್ಲ.”

“ಆಡು ಅಕ್ಕ ಒಂದು ಸಲ,” ಅಂದಳು ನಾದಿನಿ. ಹೆಂಡತಿ ಬೇಡ ಅಂದಳು. ಆಡಿ ಹೆಚ್ಚಾಗಿಬಿಟ್ಟರೆ ಹಳೆಯದು ಕೆಳಗೆ ಹೋಗುತ್ತದೆ. ಅದು ಹಾಗೇ ಇರಲಿ, ಅಂದಳು. ಗಾಜಿನ ಮೇಲೆ ಆ ಸಾಲಿನ ಉದ್ದಕ್ಕೂ ಒಮ್ಮೆ ಬೆರಳಾಡಿಸಿದಳು, ಮಗುವಿನ ಹುಬ್ಬು ಸವರುವ ಹಾಗೆ. ಮೆಕ್ಯಾನಿಕ್‌ಗೆ ಕೂಗಿ ಹೇಳಬೇಕೆನಿಸಿತು, ಅದು ಇವನದು, ಮುಟ್ಟಬೇಡ ಎಂದು. ಇಷ್ಟು ವರ್ಷ ಕಾದದ್ದೆಲ್ಲ ಇವತ್ತು ಅವನಿಗೆ ಸಿಕ್ಕಿತ್ತು: ಅವಳ ಕಣ್ಣೀರು, ಅವಳ ಜಂಬ, ಷಡ್ಡಕನ ಎದುರಿಗೇ ಷಡ್ಡಕನ ಡಬ್ಬಿಯ ಸೋಲು. ಎಲ್ಲವನ್ನೂ ಷಡ್ಡಕನೇ ತಂದು ಕೈಗಿಟ್ಟಿದ್ದ. ಎಂದಾದರೂ ಬಾಯಿ ಬಿಡುತ್ತಾನೋ? ಬಿಡುವುದಿಲ್ಲ. ಈ ಮನುಷ್ಯ ಸಾಯುವ ತನಕ ಬಾಯಿ ಬಿಡುವುದಿಲ್ಲ, ಅದು ಖಂಡಿತ. ಬಿಟ್ಟಿದ್ದರೇ ವಾಸಿಯಿತ್ತು.

ಹೊರಡುವಾಗ ಹೆಂಡತಿ ಮೆಕ್ಯಾನಿಕ್‌ನ ತೋಳು ಹಿಡಿದುಕೊಂಡಳು, ತಂಗಿಯ ಮುಂದೆಯೇ. “ಇದನ್ನ ಆರಿಸಲ್ಲ ಅಲ್ವಾ?”

“ಇಲ್ಲ.”

“ಯಾವತ್ತೂ?”

“ಯಾವತ್ತೂ ಇಲ್ಲ,” ಅಂದ ಅವನು.

“ಬ್ಯಾಟರಿ ಹಳೇದಿರ್ಬೇಕು ಅಣ್ಣ,” ಅಂದ ಷಡ್ಡಕ ಹಿಂದಿನಿಂದ, ಮೆಲ್ಲಗೆ. “ಅಂಗಡೀಲಿ ಹೊಸದಿದೆ. ನಾಳೆ ಕಳಿಸ್ತೀನಿ, ಇನ್ನು ಹತ್ತು ವರ್ಷ ಯೋಚನೆ ಇಲ್ಲ.” ಹೆಂಡತಿ ಗಂಡನ ತೋಳು ಅಲುಗಿಸಿದಳು. “ಹ್ಞೂಂ ಅನ್ನಿ. ಪಾಪ, ಅವರಾಗೇ ಹೇಳ್ತಿದ್ದಾರೆ.”

“ಕಳಿಸಿ,” ಅಂದ ಮೆಕ್ಯಾನಿಕ್.

“ಕೇಳಿಸೋ ಹಾಗೆ ಹೇಳಿ,” ಅಂದಳು ಅವಳು.

ಅವನು ಇನ್ನೊಂದು ಸಲ ಹೇಳಿದ.